ನೆವಿಲ್ ಹಾರ್ಗ್ರೀವ್ಸ್ ನೋಡಿದ ಕೊನೆಯ ಕಂತು

ಈ ಸಂಗತಿಯನ್ನು ಬರೆಯಲು ನನಗಿಂತ ಯೋಗ್ಯರಾದವರು ಉತ್ತರ ಇಂಗ್ಲೆಂಡಿನ ನಮ್ಮ ಕ್ಲೆಗ್‌ಡೇಲ್‌ನಲ್ಲಿ ಒಂದು ಸಭಾಂಗಣದ ತುಂಬ ಇದ್ದಾರೆ. ಅವರಲ್ಲಿ ಯಾರೂ ಬರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ, ಅಷ್ಟೂ ಜನರ ಕ್ಷಮೆ ಕೇಳಿ ಆರಂಭಿಸುತ್ತಿದ್ದೇನೆ. ತಪ್ಪಿದ್ದರೆ ಅಭಿಮಾನಿಗಳ ಸಂಘದ ಕಾರ್ಯದರ್ಶಿಗಳು ತಿದ್ದುತ್ತಾರೆ. ಅವರು ತಿದ್ದದೆ ಬಿಟ್ಟದ್ದು ಈ ಊರಿನಲ್ಲಿ ಏನೂ ಇಲ್ಲ.

‘ಹನ್ನೊಂದನೆಯವ’ ಎಂಬ ಟೀವಿ ಹಾಸ್ಯ ಧಾರಾವಾಹಿಯನ್ನು ಈಗಿನವರು ನೋಡಿರಲಾರರು. ನಮ್ಮೂರಿನವರೇ ಆದ ಅಡೆಲಾ ರಿಗ್ ಎಂಬ ಶಾಲಾ ಶಿಕ್ಷಕಿ ಬರೆದ ಪುಸ್ತಕಗಳಿಂದ ಅದನ್ನು ಮಾಡಿದ್ದರು. ಕಥೆ ಇಷ್ಟೇ: ಒಂದು ಹಳ್ಳಿಯ ಕ್ರಿಕೆಟ್ ತಂಡದಲ್ಲಿರುವುದು ಹತ್ತೇ ಜನ. ಪ್ರತಿ ಶನಿವಾರ ಹನ್ನೊಂದನೆಯವನಿಗಾಗಿ ಹುಡುಕಾಟ. ನಾಯಕ ಗ್ರಿಮ್‌ಶಾ ವೃತ್ತಿಯಿಂದ ಶವಪೆಟ್ಟಿಗೆ ಮಾಡುವವನು, ನಗದ ಮನುಷ್ಯ. ಒಂದು ವಾರ ಪಾದ್ರಿ ಬರುತ್ತೇನೆಂದು ಹೇಳಿ ಕೈಕೊಡುತ್ತಾನೆ. ಇನ್ನೊಂದು ವಾರ ಅಂಚೆಯವನನ್ನು ದಾರಿಯಲ್ಲಿ ನಾಯಿ ಕಚ್ಚುತ್ತದೆ. ಮತ್ತೊಂದು ವಾರ ಬೆದರುಬೊಂಬೆಗೆ ಬಿಳಿ ಅಂಗಿ ತೊಡಿಸಿ ಬೌಂಡರಿಯ ಬಳಿ ನಿಲ್ಲಿಸುತ್ತಾರೆ. ಅಂದಿನ ಆಟದಲ್ಲಿ ಕ್ಯಾಚು ಹಿಡಿಯುವುದು ಅದೊಂದೇ. ಕೊನೆಗೆ ಗ್ರಿಮ್‌ಶಾ ಖಾಲಿ ರಸ್ತೆಯನ್ನು ನೋಡುತ್ತ “ಬರ್ತಾನೆ, ಬರ್ತಾನೆ” ಎನ್ನುವಲ್ಲಿಗೆ ಕಂತು ಮುಗಿಯುತ್ತಿತ್ತು. ಇವತ್ತಿಗೂ ಕ್ಲೆಗ್‌ಡೇಲ್‌ನಲ್ಲಿ ಬಸ್ಸು ತಡವಾದರೆ ಸಾಲಿನಲ್ಲಿ ನಿಂತವರೊಬ್ಬರು ಹಾಗೆನ್ನುತ್ತಾರೆ. ಉಳಿದವರು ನಗುವುದಿಲ್ಲ, ಗಂಭೀರವಾಗಿ ತಲೆಯಾಡಿಸುತ್ತಾರೆ.

ಕೊನೆಯ ಕಂತಿನಲ್ಲಿ ಹನ್ನೊಂದನೆಯವ ಬಂದೇ ಬರುತ್ತಾನೆಂದು ಪತ್ರಿಕೆಗಳು ಮೊದಲೇ ಸಾರಿದ್ದವು. ಆ ಕಥೆ ಪುಸ್ತಕಗಳಲ್ಲಿಲ್ಲ. ಅಡೆಲಾ ರಿಗ್ ಅದನ್ನು ಟೀವಿಗೆಂದೇ ಬರೆದುಕೊಟ್ಟು, ಯಾರಿಗೂ ಏನೂ ಹೇಳದೆ ತೀರಿಕೊಂಡರು. ಅದು ಪ್ರಸಾರವಾದದ್ದು ಎಪ್ಪತ್ತೆರಡರ ಫೆಬ್ರುವರಿಯಲ್ಲಿ. ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಕಾಲ ಅದು, ಊರೂರಿಗೆ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ಆ ಸಂಜೆ ಸರದಿ ಕ್ಲೆಗ್‌ಡೇಲ್‌ನದು. ಇಡೀ ಊರು ಚಹಾ ಮಾಡಿಟ್ಟುಕೊಂಡು ಟೀವಿಯ ಮುಂದೆ ಕೂತಿತ್ತು. ಗ್ರಿಮ್‌ಶಾನ ಮುಖ ಪರದೆಯ ಮೇಲೆ ಮೂಡಿತು, ಸಣ್ಣ ಚುಕ್ಕಿಯಾಯಿತು, ಆರಿತು.

ಇನ್ನೊಮ್ಮೆ ತೋರಿಸಿಯಾರೆಂದು ಜನ ಕಾದರು. ಟೇಪು ದುಬಾರಿಯಾಗಿದ್ದ ಕಾಲ. ಚಾನೆಲ್ಲಿನವರು ಅದನ್ನು ಅಳಿಸಿ, ಅದರ ಮೇಲೆ ಎಲೆಕೋಸು ಬೆಳೆಯುವ ಕಾರ್ಯಕ್ರಮ ತುಂಬಿದ್ದರು. ದಕ್ಷಿಣದ ಊರುಗಳಲ್ಲಿ ನೋಡಿದವರು ಇಲ್ಲದಿರಲಿಲ್ಲ. ಸರ್ರೆ ಜಿಲ್ಲೆಯವನೊಬ್ಬ ತನಗೆ ಎಲ್ಲ ಚೆನ್ನಾಗಿ ನೆನಪಿದೆ, ಕೊನೆಗೆ ಒಂದು ಕುದುರೆ ಬರುತ್ತದೆ ಎಂದು ಬರೆದ. ಅಭಿಮಾನಿಗಳ ಸಂಘ ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡು, ದಕ್ಷಿಣದವರ ನೆನಪನ್ನು ನಂಬತಕ್ಕದ್ದಲ್ಲವೆಂದು ಒಮ್ಮತದಿಂದ ತೀರ್ಮಾನಿಸಿತು.

ಸಂಘದಲ್ಲಿ ಒಂದು ಪದ್ಧತಿಯಿದೆ. ವರ್ಷಕ್ಕೊಮ್ಮೆ ಮೆಥಡಿಸ್ಟ್ ಚರ್ಚಿನ ಸಭಾಂಗಣದಲ್ಲಿ ದೀಪಗಳನ್ನು ಆರಿಸಿ, ಒಂದು ಮೇಣದಬತ್ತಿ ಹಚ್ಚಿ, ಪ್ರತಿಯೊಬ್ಬ ಸದಸ್ಯರೂ ಎದ್ದು ಆ ಸಂಜೆ ಕರೆಂಟು ಹೋದಾಗ ತಾವೆಲ್ಲಿದ್ದೆವೆಂದು ಹೇಳಬೇಕು. ‘ಕತ್ತಲೆ ಹೇಳುವುದು’ ಎಂದು ಇದಕ್ಕೆ ಹೆಸರು. ಒಬ್ಬರು ಸ್ನಾನದ ತೊಟ್ಟಿಯಲ್ಲಿದ್ದರು. ಒಬ್ಬರು ಏಣಿಯ ಮೇಲಿದ್ದರು, ಸ್ವಲ್ಪ ಹೊತ್ತಿನಲ್ಲೇ ಏಣಿಯ ಕೆಳಗಿದ್ದರು. ನೆವಿಲ್ ಹಾರ್ಗ್ರೀವ್ಸ್ ಮಾತ್ರ ಬೆಳಕಿನಲ್ಲಿದ್ದ.

ಅವನು ಆಗ ಬಸ್ ಕಂಡಕ್ಟರ್. ಅವನ ಬಸ್ಸು ಗುಡ್ಡದ ಮೇಲಿನ ಕೇರಿಯಲ್ಲಿ ನಿಂತಿತ್ತು, ಅಲ್ಲಿ ಕರೆಂಟಿತ್ತು. ಒಬ್ಬ ಹೆಂಗಸು ಮಗುವಿನ ಗಾಡಿಯನ್ನು ಬಸ್ಸಿಗೆ ಏರಿಸುತ್ತಿದ್ದಳು. ಅಷ್ಟರಲ್ಲಿ ನೆವಿಲ್ ಎದುರು ಮನೆಯ ಕಿಟಕಿಯೊಳಗೆ ಟೀವಿಯನ್ನು ಕಂಡ. ಬಿಳಿ ಬಟ್ಟೆಯ ಹತ್ತು ಜನ ಮೈದಾನದಲ್ಲಿ ನಿಂತು ಒಂದೇ ಕಡೆ ತಿರುಗಿ ಏನನ್ನೋ ನೋಡುತ್ತಿದ್ದರು. ಏನನ್ನು ಎಂಬುದು ಕಾಣಲಿಲ್ಲ. ಗಾಡಿ ಹತ್ತಿತು, ನೆವಿಲ್ ಗಂಟೆ ಬಾರಿಸಿದ, ಬಸ್ಸು ಹೊರಟಿತು. ಅಷ್ಟೇ.

ಆ ‘ಅಷ್ಟೇ’ಯಿಂದ ಅವನಿಗೆ ಸಂಘದಲ್ಲಿ ಒಂದು ಮರ್ಯಾದೆ ಬಂದಿತ್ತು. ಶುಂಠಿ ಕೇಕಿನ ಮೊದಲ ಹೋಳು ಅವನಿಗೆ. ಮಾಡುವುದಕ್ಕೆ ಹೆಚ್ಚೇನೂ ಇಲ್ಲದ ಮನುಷ್ಯನಿಗೆ ಅಂಥ ಮರ್ಯಾದೆಯನ್ನು ಇದ್ದಷ್ಟರಲ್ಲೇ ಇಡುವುದು ಕಷ್ಟ. ವರ್ಷ ಹೋದಂತೆ ಅವನ ಕಥೆಯಲ್ಲಿ ಆ ಮಗುವಿನ ಗಾಡಿ ಬಸ್ಸು ಹತ್ತುವುದು ನಿಧಾನವಾಗುತ್ತ ಬಂತು.

*

ಸಂಘದ ಅಧ್ಯಕ್ಷೆ ಡೋರೀನ್ ಪಿಕಪ್ ಅವರಿಗೆ ಹೃದಯದ ಆಪರೇಷನ್ ಆಗಬೇಕಾಯಿತು. ವಯಸ್ಸು ಎಂಬತ್ತು ದಾಟಿತ್ತು. ವೈದ್ಯರು ಭರವಸೆಯ ಮಾತನ್ನು ಬಹಳ ಎಚ್ಚರಿಕೆಯಿಂದ ಆಡುತ್ತಿದ್ದರು. ಹಿಂದಿನ ದಿನ ನೆವಿಲ್ ದ್ರಾಕ್ಷಿಯ ಪೊಟ್ಟಣ ಹಿಡಿದು ಆಸ್ಪತ್ರೆಗೆ ಹೋದ.

“ದ್ರಾಕ್ಷಿ ಆ ಕಡೆ ಇಡು, ಬಾಗಿಲು ಎಳ್ಕೊಂಡು ಬಾ,” ಎಂದರು ಡೋರೀನ್. “ನೆವಿಲ್, ನಿನ್ನನ್ನ ಒಂದು ಮಾತು ಕೇಳ್ತೀನಿ. ಯಾವತ್ತೂ ಕೇಳಿಲ್ಲ.”

“ಕೇಳಿ ಡೋರೀನ್.”

“ಆ ಕಿಟಕೀಲಿ ನೀನು ಇನ್ನೂ ಏನೋ ನೋಡಿದೀಯ. ನನಗೆ ಗೊತ್ತು ಕಣಪ್ಪ. ಜಂಬ ಅಂದ್ಕೋತಾರೆ ಅಂತ ಬಾಯಿ ಮುಚ್ಕೊಂಡಿದೀಯ. ಗಾಡಿ ಹತ್ತಿಸೋಕೆ ಅಷ್ಟು ಹೊತ್ತು ಹಿಡೀತು ಅಂತ ನೀನೇ ಹೇಳ್ತೀಯ. ಅಷ್ಟು ಹೊತ್ತು ಬಸ್ಸು ನಿಂತಿತ್ತು ಅಂದ್ಮೇಲೆ ಏನೂ ಕಾಣಿಸ್ಲಿಲ್ವಾ?”

ನೆವಿಲ್ ದ್ರಾಕ್ಷಿಯನ್ನು ನೋಡಿದ.

“ನಾಳೆ ಈ ಹೊತ್ತಿಗೆ ನಾನು ಇರ್ತೀನೋ ಇಲ್ವೋ,” ಎಂದರು ಅವರು, ಅಳುಕಿಲ್ಲದ ದನಿಯಲ್ಲಿ. “ಗಂಡ ಹೋದ, ನಾಯಿ ಹೋಯ್ತು, ಅದನ್ನೆಲ್ಲ ತಡ್ಕೊಂಡಿದೀನಿ. ಆ ಹನ್ನೊಂದನೆಯವನು ಬಂದ್ನೋ ಇಲ್ವೋ ಅಂತ ತಿಳೀದೆ ಹೋಗೋಕೆ ಮಾತ್ರ ಮನಸ್ಸಿಲ್ಲ. ಹೇಳಿಬಿಡು.”

ನೆವಿಲ್ ಸುಳ್ಳುಗಾರನಲ್ಲ. ಅವನಿಗೆ ಕಲ್ಪನೆಯೂ ಇಲ್ಲ. ಅವನ ಹೆಂಡತಿ ಬೆರಿಲ್ ಇದನ್ನು ಸಾವಿರ ಸಲ ಹೇಳಿದ್ದಾಳೆ. ಅವನ ಕಣ್ಣು ಸಹಾಯಕ್ಕಾಗಿ ಕೋಣೆಯ ಸುತ್ತ ಅಲೆಯಿತು. ಬಾಗಿಲ ಗಾಜಿನಾಚೆ ಏಪ್ರನ್ ತೊಟ್ಟ ಹೆಂಗಸೊಬ್ಬಳು ಚಹಾದ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದಳು.

“ಮಿಸೆಸ್ ಲೂಮ್ಸ್,” ಎಂದ ನೆವಿಲ್.

ಮಿಸೆಸ್ ಲೂಮ್ಸ್ ಎಂದರೆ ಧಾರಾವಾಹಿಯಲ್ಲಿ ಮೊದಲ ಕಂತಿನಿಂದಲೂ ಆಟಗಾರರಿಗೆ ಸ್ಯಾಂಡ್‌ವಿಚ್ ಕತ್ತರಿಸುವವಳು. ಅವಳಿಗೆ ಮಾತು ಕಡಿಮೆ. ಹೆಚ್ಚಿನ ಕಂತುಗಳಲ್ಲಿ ಕಾಣಿಸುತ್ತಿದ್ದದ್ದು ಅವಳ ಬೆನ್ನು.

“ಅವಳು ಏಪ್ರನ್ ಬಿಚ್ಚಿದ್ಲು,” ಎಂದು ನೆವಿಲ್ ಬೆವರುತ್ತ ಮುಂದುವರಿಸಿದ. “ಮಡಚಿದ್ಲು. ಬ್ಯಾಟು ತಗೊಂಡ್ಲು. ನಡ್ಕೊಂಡು ಹೋದ್ಲು. ಹತ್ತು ಜನಾನೂ ತಿರುಗಿ ನೋಡ್ತಾ ಇದ್ರು. ಆಮೇಲೆ ಬಸ್ಸು ಹೊರಟ್ಬಿಡ್ತು, ಡೋರೀನ್.”

ಡೋರೀನ್ ದಿಂಬಿಗೆ ಒರಗಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಅಲ್ಲೇ ಇದ್ಲಲ್ಲೋ,” ಎಂದರು. “ಮೊದಲಿಂದಾನೂ ಅಲ್ಲೇ ಇದ್ಲು. ಅವರಿಗೆ ಕಾಣಿಸ್ಲೇ ಇಲ್ಲ.”

ನೆವಿಲ್ ಮನೆಗೆ ಬಂದು ಬೆರಿಲ್‌ಗೆ ಎಲ್ಲವನ್ನೂ ಹೇಳಿದ. ಬೆರಿಲ್ ಆಲೂಗೆಡ್ಡೆ ಸುಲಿಯುತ್ತಿದ್ದಳು. ಈ ಸಂಘ, ಈ ಧಾರಾವಾಹಿ, ಮೇಣದಬತ್ತಿ ಎಲ್ಲ ಅವಳ ಪಾಲಿಗೆ ಬೆಳೆದ ಮಕ್ಕಳ ಆಟ. ಒಂದು ಸಲವೂ ಅಲ್ಲಿಗೆ ಕಾಲಿಟ್ಟವಳಲ್ಲ.

“ಸಾಯೋರಿಗೆ ಹೇಳಿದ ಸುಳ್ಳು ಸುಳ್ಳಲ್ಲ, ಅಲ್ವಾ ಬೆರಿಲ್?”

“ಸತ್ತರೆ ಅಲ್ಲ,” ಎಂದಳು ಬೆರಿಲ್. “ಬದುಕಿಬಿಟ್ರೆ ಏನ್ ಮಾಡ್ತೀಯ?”

*

ಡೋರೀನ್ ಬದುಕಿಬಿಟ್ಟರು. ವೈದ್ಯರೇ ತಬ್ಬಿಬ್ಬಾಗುವಷ್ಟು ಚೆನ್ನಾಗಿ ಬದುಕಿದರು. ನೆವಿಲ್‌ಗೆ ಮನಸಾರೆ ಸಂತೋಷವಾಯಿತು. ಆ ಸಂತೋಷ, ಡೋರೀನ್ ಗುಲಾಬಿ ಬಣ್ಣದ ಹೊಸ ಕೋಟು ತೊಟ್ಟು ಸಂಘದ ಸಭೆಗೆ ಬಂದು, ಕೋಲಿನಿಂದ ನೆಲ ಕುಟ್ಟಿ, “ಗೆಳೆಯರೇ, ನೆವಿಲ್ ನೋಡಿದ್ದಾನೆ,” ಎನ್ನುವವರೆಗೆ ಉಳಿಯಿತು.

ಅವರು ಎಲ್ಲವನ್ನೂ ಹೇಳಿ ಮುಗಿಸಿದರು. ಕಾರ್ಯದರ್ಶಿ ಓಲರೆನ್‌ಷಾ ಎದ್ದು ನಿಂತರು. ನಿವೃತ್ತ ರೈಲ್ವೆ ಅಧಿಕಾರಿಯಾದ ಅವರು ಹಬ್ಬದ ಶುಭಾಶಯವನ್ನೂ ಅಧ್ಯಕ್ಷರ ಅನುಮತಿ ಪಡೆದೇ ಹೇಳುವವರು.

“ಮಿಸ್ಟರ್ ಹಾರ್ಗ್ರೀವ್ಸ್, ಇದು ನಿಜವೇನ್ರೀ?”

ಇಡೀ ಸಭೆ ಅವನತ್ತ ತಿರುಗಿತು. ಡೋರೀನ್ ಅವನನ್ನೇ ನೋಡಿ ಮುಗುಳ್ನಗುತ್ತಿದ್ದರು. ಅವರ ಕುತ್ತಿಗೆಯ ಕೆಳಗೆ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು.

“ಅಂದ್ರೆ... ಕಿಟಕಿ ಗಾಜು ಸ್ವಲ್ಪ ಮಂಜಾಗಿತ್ತು,” ಎಂದ ನೆವಿಲ್.

“ಟೋಪಿ!” ಎಂದರು ಹಿಂದಿನ ಸಾಲಿನಿಂದ ಮಿಸ್ ಟ್ಯಾಟರ್‌ಸಾಲ್. ಈಕೆ ಗ್ರಂಥಪಾಲಕಿಯಾಗಿದ್ದವರು. ಪುಸ್ತಕಗಳೇ ಶ್ರೇಷ್ಠ, ಟೀವಿಯವರು ಅವನ್ನು ಕೆಡಿಸಿದರು ಎಂಬ ಪಕ್ಷದ ನಾಯಕಿ, ಆ ಪಕ್ಷದ ಸದಸ್ಯೆಯೂ ಅವರೊಬ್ಬರೇ. “ಅವಳು ಟೋಪಿ ಹಾಕ್ಕೊಂಡಿದ್ಲು. ನೀಲಿ ಟೋಪಿ. ಈಗ ನೆನಪಾಯ್ತು ನೋಡಿ!”

“ನೀವು ಆವತ್ತು ಕತ್ತಲೇಲಿದ್ರಲ್ಲ ಮೇಡಂ?” ಎಂದರು ಓಲರೆನ್‌ಷಾ.

“ನಮ್ಮ ಬೀದೀಲಿ ಕರೆಂಟು ನಿಧಾನವಾಗಿ ಹೋಯ್ತು ರೀ.”

ಕರೆಂಟು ನಿಧಾನವಾಗಿ ಹೋಗಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಈಗ ಎಲ್ಲರಿಗೂ ಹೊಳೆಯಿತು. ಏಣಿಯಿಂದ ಬಿದ್ದವರು ತಾವು ಬೀಳುತ್ತ ಬೀಳುತ್ತ ಪಕ್ಕದ ಮನೆಯ ಟೀವಿಯಲ್ಲಿ ಒಂದು ಏಪ್ರನ್ ಕಂಡೆವೆಂದರು. ಸ್ನಾನದ ತೊಟ್ಟಿಯವರಿಗೆ ಗೋಡೆಯಾಚೆಯಿಂದ ಬ್ಯಾಟಿಗೆ ಚೆಂಡು ತಾಗಿದ ಸದ್ದು ಕೇಳಿಸಿತ್ತು. ಸಭೆ ಮುಗಿಯುವ ವೇಳೆಗೆ ನಮ್ಮೂರಿನ ಆ ಪ್ರಸಿದ್ಧ ಕತ್ತಲೆಯಲ್ಲಿ ಕೂತಿದ್ದವರು ಯಾರೂ ಉಳಿದಿರಲಿಲ್ಲ.

ಮುಂದಿನ ವಾರಕ್ಕೆ ಜಗಳ ಹುಟ್ಟಿತು. ಮಿಸೆಸ್ ಲೂಮ್ಸ್ ಬೌಂಡರಿ ಬಾರಿಸಿದಳೆಂದು ಓಲರೆನ್‌ಷಾ, ಮೊದಲ ಎಸೆತಕ್ಕೇ ಔಟಾದಳೆಂದು ಮಿಸ್ ಟ್ಯಾಟರ್‌ಸಾಲ್. ಊರೂ ಎರಡಾಯಿತು. ಮಾಂಸದ ಅಂಗಡಿಯವನು ಬೌಂಡರಿಯವರಿಗೆ ಸಾಸೇಜನ್ನು ನಗುನಗುತ್ತ ಕೊಟ್ಟು, ಔಟಿನವರಿಗೆ ಮುಖ ನೋಡದೆ ಕೊಡುತ್ತಿದ್ದ. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ, ಫಲ ಏನೇ ಇರಲಿ ಆಕೆ ಹೆಜ್ಜೆ ಇಟ್ಟಳಲ್ಲ, ಅದು ಮುಖ್ಯ ಎಂದು ಎರಡೂ ಕಡೆಯವರ ಸಿಟ್ಟಿಗೆ ಗುರಿಯಾದರು. ಉದ್ಯಾನ ಇಲಾಖೆಯ ಅಧಿಕಾರಿಯೊಬ್ಬ ಪುರಸಭೆಯಿಂದ ನೆವಿಲ್‌ನ ಮನೆಗೇ ಬಂದ.

“ನಿಮ್ಮ ಸಂಘದೋರು ಕ್ರಿಕೆಟ್ ಮೈದಾನದಲ್ಲಿ ಕೊನೇ ಕಂತನ್ನ ಆಡಿ ತೋರಿಸ್ತಾರಂತೆ ಸರ್. ಅನುಮತಿ ಕೊಡೋಕೆ ಅಭ್ಯಂತರ ಇಲ್ಲ. ಆದ್ರೆ ಚೆಂಡು ರಸ್ತೆಗೆ ಹೋಗುತ್ತೋ ಇಲ್ವೋ ತಿಳೀಬೇಕು. ಹೋಗೋದಾದ್ರೆ ಬಲೆ ಕಟ್ಟಬೇಕು. ನೋಡಿದೋರು ನೀವೊಬ್ರೇ.”

“ನನಗೆ ಗೊತ್ತಿಲ್ಲಪ್ಪ,” ಎಂದ ನೆವಿಲ್ ದೈನ್ಯದಿಂದ.

“ಹಾಗಾದ್ರೆ ಬಲೆ ಕಟ್ಟಿಸ್ತೀವಿ,” ಎಂದು ಅಧಿಕಾರಿ ಹೊರಟುಹೋದ. ಪುರಸಭೆಯೂ ಬೌಂಡರಿಯ ಪಕ್ಷವೆಂದು ಸಂಜೆಯೊಳಗೆ ಊರೆಲ್ಲ ಹಬ್ಬಿತು.

ನೆವಿಲ್‌ಗೆ ಊಟ ಸೇರದಾಯಿತು. ಊರು ಏನೆಂದರೂ ಅವನು ಸಹಿಸುತ್ತಿದ್ದ. ಡೋರೀನ್ ಅವನ ಮಾತನ್ನು ನಂಬಿ ಆಪರೇಷನ್ ಕೋಣೆಗೆ ಹೋಗಿದ್ದರು. ಆ ನಂಬಿಕೆಯ ಮೇಲೆ ಈಗ ಬಲೆ ಕಟ್ಟುತ್ತಿದ್ದರು. ನಿಜ ಹೇಳಿದರೆ ಅವರ ಎದೆ ಒಡೆಯಬಹುದು, ಅದೂ ಹೊಸದಾಗಿ ಹೊಲಿದ ಎದೆ. ಹೇಳದಿದ್ದರೆ, ಅವರು ಬದುಕಿರುವಷ್ಟು ಕಾಲ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಲಾಗದು.

“ಹೋಗಿ ಹೇಳ್ಬಿಡು,” ಎಂದಳು ಬೆರಿಲ್. “ನಿನ್ನ ಮುಖ ನೋಡಿ ನೋಡಿ ನನಗೂ ಹಸಿವು ಸತ್ತುಹೋಗಿದೆ.”

*

ವಾರ್ಷಿಕ ಸಭೆಯಲ್ಲಿ, ಮೇಣದಬತ್ತಿಯ ಮುಂದೆ, ನೆವಿಲ್ ಎದ್ದುನಿಂತ.

“ನಾನು ನೋಡಿಲ್ಲ,” ಎಂದ. “ಹತ್ತು ಜನ ತಿರುಗಿ ನೋಡ್ತಿದ್ದದ್ದು ನೋಡಿದೆ, ಅಷ್ಟೇ. ಮಿಸೆಸ್ ಲೂಮ್ಸ್ ಬರ್ಲಿಲ್ಲ. ಅಂದ್ರೆ ಬಂದಿರ್ಬಹುದು, ನನಗೆ ಗೊತ್ತಿಲ್ಲ. ಆಸ್ಪತ್ರೇಲಿ ನಾನೇ ಕಟ್ಟಿ ಹೇಳಿದೆ. ಡೋರೀನ್, ನನ್ನನ್ನ ಕ್ಷಮಿಸಿ.”

ಮಿಸ್ ಟ್ಯಾಟರ್‌ಸಾಲ್ ಕನ್ನಡಕ ತೆಗೆದು ಒರೆಸಿದರು.

“ಮಿಸ್ಟರ್ ಹಾರ್ಗ್ರೀವ್ಸ್, ನೀವು ಕಟ್ಟಿದ್ದು ಅಂತೀರಲ್ಲ, ಹಾಗಾದ್ರೆ ಆ ನೀಲಿ ಟೋಪಿ ನನಗೆ ಹೇಗೆ ಗೊತ್ತಾಯ್ತು?”

“ಅದು ನನಗೆ ಹೇಗೆ ಗೊತ್ತಿರುತ್ತೆ, ಮಿಸ್ ಟ್ಯಾಟರ್‌ಸಾಲ್?”

“ನೋಡಿದ್ರಾ! ಅವರಿಗೇ ಗೊತ್ತಿಲ್ಲ!”

ಓಲರೆನ್‌ಷಾ ನಡಾವಳಿ ಪುಸ್ತಕ ತೆರೆದರು. ಅದುವರೆಗೆ ಒಬ್ಬರ ಮುಖ ಒಬ್ಬರು ನೋಡದಿದ್ದ ಬೌಂಡರಿಯವರೂ ಔಟಿನವರೂ ಅಂದು ಮೊದಲ ಸಲ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. “ವಯಸ್ಸಾಯ್ತು ಪಾಪ,” ಎಂದು ಒಬ್ಬರು ಪಿಸುಗುಟ್ಟಿದರು. “ಬಸ್ಸಿನ ಗಡಿಬಿಡೀಲಿ ಸರಿಯಾಗಿ ನೋಡಿಲ್ಲ,” ಎಂದರು ಇನ್ನೊಬ್ಬರು. ಮಿಸ್ಟರ್ ಹಾರ್ಗ್ರೀವ್ಸ್ ಅವರು ಕೊನೆಯ ಕಂತನ್ನು ನೋಡಿದ್ದಾರೆ, ಆದರೆ ವಿನಯದಿಂದ ಅಲ್ಲಗಳೆಯುತ್ತಿದ್ದಾರೆ ಎಂಬ ಠರಾವನ್ನು ಮಂಡಿಸಲಾಯಿತು. ಒಬ್ಬರು ಅನುಮೋದಿಸಿದರು. ಪರವಾಗಿ ಕೈಗಳೆದ್ದವು. ವಿರುದ್ಧವಾಗಿ ನೆವಿಲ್ ಒಬ್ಬನೇ ಕೈಯೆತ್ತಿದ. ತನ್ನ ವಿಷಯದಲ್ಲಿ ತಾನೇ ಮತ ಹಾಕುವುದು ಸಂಘದ ನಿಯಮಕ್ಕೆ ವಿರುದ್ಧವೆಂದು ಓಲರೆನ್‌ಷಾ ಆ ಕೈಯನ್ನು ಇಳಿಸಿದರು.

ಡೋರೀನ್ ಯಾವ ಕಡೆಗೂ ಕೈಯೆತ್ತಲಿಲ್ಲ. ಸಭೆ ಚದುರಿದ ಮೇಲೆ ಕೋಲೂರಿಕೊಂಡು ನೆವಿಲ್‌ನ ಬಳಿ ಬಂದರು.

“ಡೋರೀನ್, ನಾನು ನಿಜವಾಗ್ಲೂ...”

“ಗೊತ್ತು ಕಣಪ್ಪ. ನನಗೆ ಹೃದಯ ಕೆಟ್ಟಿತ್ತೇ ಹೊರತು ತಲೆ ಕೆಟ್ಟಿರ್ಲಿಲ್ಲ. ಆಸ್ಪತ್ರೇಲಿ ನಂಬಿದ್ದೆ. ಮನೆಗೆ ಬಂದು ಯೋಚ್ನೆ ಮಾಡಿದಾಗ, ಏಪ್ರನ್ ಮಡಚೋವರೆಗೂ ಯಾವ ಬಸ್ಸೂ ಕಾಯಲ್ಲ ಅಂತ ಅನ್ನಿಸ್ತು.”

“ಮತ್ತೆ ಎಲ್ರಿಗೂ ಯಾಕೆ ಹೇಳಿದ್ರಿ?”

“ಅಷ್ಟು ಹೊತ್ತಿಗೆ ನನಗೆ ಮಿಸೆಸ್ ಲೂಮ್ಸ್‌ನ ಬಿಟ್ಟುಕೊಡೋಕೆ ಮನಸ್ಸಿರ್ಲಿಲ್ಲ.” ಡೋರೀನ್ ಅವನ ಕೋಟಿನ ಮೇಲೆ ಬಿದ್ದಿದ್ದ ಕೇಕಿನ ಪುಡಿಯನ್ನು ಕೊಡವಿದರು. “ಆದ್ರೂ ಎದ್ದುನಿಂತು ಹೇಳಿದ್ಯಲ್ಲ, ಒಳ್ಳೇದಾಯ್ತು. ಈಗ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡು. ಇಳಿದುಹೋಗಿದೀಯ.”

*

ಜೂನ್ ತಿಂಗಳ ಒಂದು ಶನಿವಾರ ಮೈದಾನದಲ್ಲಿ ಕೊನೆಯ ಕಂತನ್ನು ಆಡಿ ತೋರಿಸಿದರು. ಮಿಸೆಸ್ ಲೂಮ್ಸ್ ಆದವರು ಡೋರೀನ್. ಅವರು ಗುಲಾಬಿ ಕೋಟಿನ ಮೇಲೆ ಕಟ್ಟಿದ್ದ ಏಪ್ರನ್ ಬಿಚ್ಚಿ, ಮಡಚಿ, ಕೋಲನ್ನು ಓಲರೆನ್‌ಷಾರ ಕೈಗಿತ್ತು, ಬ್ಯಾಟು ಹಿಡಿದು ನಡೆದರು. ಪಿಚ್ಚು ತಲುಪಲು ಬಹಳ ಹೊತ್ತು ಹಿಡಿಯಿತು. ಚೆಂಡು ಹಾಕಿದರು, ಬ್ಯಾಟಿನ ಅಂಚಿಗೆ ತಾಗಿ ಎಲ್ಲೋ ಉರುಳಿತು. ಬೌಂಡರಿಯವರು ಬೌಂಡರಿಯೆಂದೂ ಔಟಿನವರು ಔಟೆಂದೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಪುರಸಭೆಯ ಬಲೆ ಗಾಳಿಗೆ ಸುಮ್ಮನೆ ಅಲುಗಾಡುತ್ತಿತ್ತು.

ಅಂದು ಬೆರಿಲ್ ಕೂಡ ಬಂದಿದ್ದಳು. ಮಡಚುವ ಕುರ್ಚಿ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕೊನೆಯವರೆಗೂ ನೋಡಿದಳು. ಮನೆಗೆ ನಡೆದು ಹೋಗುವಾಗ ಕಾಲುವೆಯ ಸೇತುವೆಯ ಹತ್ತಿರ ಅಂದಳು:

“ಅದು ಹಾಗಿರ್ಲಿಲ್ಲ.”

“ಯಾವುದು?”

“ಕೊನೇ ಕಂತು. ಶುರುವಿನಲ್ಲಿ ಹೀಗಿರ್ಲಿಲ್ಲ. ಮೊದಲು ಗ್ರಿಮ್‌ಶಾ ತಮ್ಮನ ಮದುವೆ ಬರುತ್ತೆ.”

ನೆವಿಲ್ ನಿಂತುಬಿಟ್ಟ. “ನಿನಗೆ ಹೇಗೆ ಗೊತ್ತು?”

“ನೋಡಿದೆ.”

“ನೋಡಿದ್ಯಾ! ಯಾವತ್ತೂ ಹೇಳಲಿಲ್ವಲ್ಲ ಬೆರಿಲ್!”

“ಯಾರು ಕೇಳಿದ್ರು? ಅಷ್ಟೆಲ್ಲ ವರ್ಷ ಮೇಣದಬತ್ತಿ ಹಚ್ಕೊಂಡು ಊರೋರನ್ನೆಲ್ಲ ‘ನೀವೆಲ್ಲಿದ್ರಿ, ನೀವೆಲ್ಲಿದ್ರಿ’ ಅಂತ ಕೇಳಿದ್ಯಲ್ಲ, ನಾನೆಲ್ಲಿದ್ದೆ ಅಂತ ಒಂದು ಸಲ ಕೇಳಿದ್ಯಾ? ಆ ವಾರ ನಾನು ಮನೇಲಿದ್ನಾ?”

ನೆವಿಲ್‌ಗೆ ನೆನಪಾಯಿತು. ನೆನಪಾಗದಿರಲೆಂದೇ ಅವನು ಬಹುಶಃ ಬಸ್ಸಿನ ಕಥೆಯನ್ನು ಅಷ್ಟು ಉದ್ದ ಮಾಡಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾವ ಮಾತಿಗೆಂದು ಈಗ ಇಬ್ಬರಿಗೂ ತಿಳಿಯದ ಒಂದು ಜಗಳಕ್ಕೆ ಬೆರಿಲ್ ಪೆಟ್ಟಿಗೆ ತುಂಬಿಕೊಂಡು ಗುಡ್ಡದಾಚೆಯ ಊರಿಗೆ, ತಾಯಿಯ ಮನೆಗೆ ಹೊರಟುಹೋಗಿದ್ದಳು. ಆ ಊರಿನಲ್ಲಿ ಕರೆಂಟಿತ್ತು.

“ಹಾಗಾದ್ರೆ,” ಎಂದ ನೆವಿಲ್. “ಬೆರಿಲ್, ಅವನು ಬಂದ್ನಾ?”

“ಗೊತ್ತಿಲ್ಲ. ಅಷ್ಟು ಹೊತ್ತಿಗೆ ಒಲೆ ಆರ್ತಾ ಬಂದಿತ್ತು. ‘ಹೋಗಿ ಕಲ್ಲಿದ್ದಲು ತಾ’ ಅಂದ್ಲು ಅಮ್ಮ. ಮುಷ್ಕರ ಅಲ್ವಾ, ಹಿತ್ತಲಲ್ಲಿ ತಡಕಾಡಿ ತಡಕಾಡಿ ಚೂರುಪಾರು ಆರಿಸ್ತಾ ಇದ್ದೆ. ಆಗ ಒಳಗೆ ಅಮ್ಮ ನಕ್ಕಿದ್ದು ಕೇಳಿಸ್ತು.”

“ನಿಮ್ಮಮ್ಮನಾ?”

“ನಮ್ಮಮ್ಮ.”

ನೆವಿಲ್ ತನ್ನ ಅತ್ತೆಯನ್ನು ಬಲ್ಲ. ಆಕೆ ನಗುವುದನ್ನು ಅವನು ನೋಡಿದ್ದೇ ಇಲ್ಲ. ಮದುವೆಯ ಫೋಟೋದಲ್ಲಿ ಆಕೆ ಗ್ರಿಮ್‌ಶಾನ ಅಕ್ಕನಂತೆ ನಿಂತಿದ್ದಾಳೆ.

“ಬಕೆಟ್ಟು ತಗೊಂಡು ಓಡಿ ಬಂದೆ. ಅಷ್ಟರಲ್ಲಿ ಕಂತು ಮುಗಿದು ಹೆಸರುಗಳು ಓಡ್ತಾ ಇದ್ವು. ‘ಏನಾಯ್ತಮ್ಮಾ?’ ಅಂದೆ. ಕಣ್ಣೊರೆಸ್ಕೊಳ್ತಾ ಇದ್ಲು. ‘ನೀನೂ ಇರ್ಬೇಕಿತ್ತು ಕಣೇ’ ಅಂದ್ಲು. ಇನ್ನೇನೂ ಹೇಳ್ಲಿಲ್ಲ. ಆಮೇಲೆ ಟೀವಿ ಆರಿಸಿ, ‘ನಾಳೆ ನಿನ್ನ ಮನೆಗೆ ಹೋಗು, ಆ ಪೆದ್ದ ಒಬ್ಬನೇ ಇದಾನೆ’ ಅಂದ್ಲು.”

“ನೀನು ಬಂದೆ,” ಎಂದ ನೆವಿಲ್.

“ಬಂದೆ,” ಎಂದಳು ಬೆರಿಲ್. “ಕುರ್ಚಿ ಹಿಡ್ಕೋ, ಕೈ ನೋಯ್ತಿದೆ.”

ಅವನು ಕುರ್ಚಿ ಹಿಡಿದುಕೊಂಡ. ಇಬ್ಬರೂ ಸೇತುವೆ ದಾಟಿದರು. ಈ ವಿಷಯವನ್ನು ನೆವಿಲ್ ಸಂಘಕ್ಕೆ ತಿಳಿಸಲಿಲ್ಲ, ನನಗೆ ಮಾತ್ರ ಹೇಳಿದ. ಬೆರಿಲ್‌ನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆಕೆ ಅಂದು ಏನನ್ನು ನೋಡಿ ನಕ್ಕಳೋ ನನಗೆ ಗೊತ್ತಿಲ್ಲ, ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂಬುದೂ ಗೊತ್ತಿಲ್ಲ.